ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಸಾಂಬಾರು

ಹಿಂಗಾರಿ ಜೋಳದ ರಾಶಿ ಆಗಷ್ಟೇ ಮುಗಿದಿತ್ತು. ಕೊಪ್ಪಳ ಜಿಲ್ಲೆಯ ಒಂದೂರಿನ ಸರ್ಕಾರಿ ಶಾಲೆಗೆ ಆವತ್ತು ರೈತರೊಬ್ಬರು ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಜೋಳದ ನುಚ್ಚು ಕೊಟ್ಟಿದ್ದರು. ದಿನಾ ಅನ್ನ ಬೇಯಿಸುವ ದೊಡ್ಡ ಪಾತ್ರೆಯಲ್ಲೇ ಬಿಸಿಯೂಟದ ಅಡುಗೆಯವರು ಅದನ್ನು ಬೇಯಿಸಿದ್ದರು. ಜತೆಗೆ ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ, ಮೇಲೆ ಸುರಿದುಕೊಳ್ಳಲು ಒಗ್ಗರಣೆ ಮಜ್ಜಿಗೆ. ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಎರಡನೇ ಸಲ ತಟ್ಟೆ ಹಿಡಿದು ಬಂದ.

"ಯವ್ವಾ, ಇನ್ನೊಂದೀಟು ಹಾಕು."

ಆಕೆ ಸೌಟು ತುಂಬ ಬಡಿಸುತ್ತ, "ದಿನಾ ಅರ್ಧಾ ಬಿಟ್ಟ ಹೋಗಾಂವ, ಇವತ್ತ ಎಲ್ಲಿಂದ ಬಂತಪಾ ಇಷ್ಟ ಹಸಿವು?" ಎಂದು ಕೇಳಿದರು.

"ನಮ್ಮ ಮನ್ಯಾಗಿನಂಗ ಐತಿ" ಎಂದ ಹುಡುಗ, ತಟ್ಟೆ ಎತ್ತಿಕೊಂಡು ಓಡಿದ.

ಉಳಿದ ದಿನಗಳಲ್ಲಿ ಊಟದ ಹೊತ್ತಿಗೆ ಅದೇ ಶಾಲೆಯ ನಲ್ಲಿಯ ಹತ್ತಿರ ನಿಂತರೆ ಕಾಣುವುದೇ ಬೇರೆ. ತಟ್ಟೆಯಂಚಿಗೆ ಸಾಲಾಗಿ ಆರಿಸಿಟ್ಟ ಬೀನ್ಸ್ ತುಂಡು, ಗಜ್ಜರಿ, ಸೋರೆಕಾಯಿ. ಬಕೆಟ್ಟಿಗೆ ಸುರಿಯುವ ತಿಳಿ ಸಾಂಬಾರು. ಮಕ್ಕಳು ತರಕಾರಿ ತಿನ್ನುವುದಿಲ್ಲ ಎಂದು ಮೇಷ್ಟರು ದೂರುತ್ತಾರೆ. ಆದರೆ ಆವತ್ತು ಮಡಕಿಕಾಳಿನ ಪಲ್ಯದ ಪಾತ್ರೆ ತಳ ಕಂಡಿತ್ತು. ಆ ಪಲ್ಯದಲ್ಲಿ ಮೆಂತ್ಯ ಸೊಪ್ಪೂ ಇತ್ತು, ಈರುಳ್ಳಿಯೂ ಇತ್ತು. ಯಾರೂ ಆರಿಸಿ ಎಸೆಯಲಿಲ್ಲ.

ಶಾಲಾ ಮಕ್ಕಳಿಗೆ ಒಳ್ಳೆಯ ಊಟದ ರೂಢಿ ಮಾಡಿಸುವ ಬಗ್ಗೆ ನಮ್ಮಲ್ಲಿ ಚರ್ಚೆ ಬಂದಾಗಲೆಲ್ಲ ಮಾತು ಹೋಗಿ ನಿಲ್ಲುವುದು ಹೊಸದಾಗಿ ಏನು ಕೊಡಬೇಕು ಎಂಬಲ್ಲಿ. ಹಾಲು ಕೊಟ್ಟೆವು, ಮೊಟ್ಟೆ ಕೊಟ್ಟೆವು, ಚಿಕ್ಕಿ ಕೊಟ್ಟೆವು, ರಾಗಿ ಮಾಲ್ಟ್ ಕೊಟ್ಟೆವು. ಇವುಗಳಲ್ಲಿ ಹೆಚ್ಚಿನವು ನಿಜಕ್ಕೂ ಬೇಕಾದವೇ. ಆದರೆ ನಡುವಿನ ತಟ್ಟೆ ಮಾತ್ರ ಇಪ್ಪತ್ತು ವರ್ಷ ಕಳೆದರೂ ಅಲ್ಲೇ ಇದೆ. ಬೀದರಿನ ಮಗುವಿಗೂ ಅನ್ನ ಸಾಂಬಾರು, ಕುಂದಾಪುರದ ಮಗುವಿಗೂ ಅನ್ನ ಸಾಂಬಾರು, ಕೊಳ್ಳೇಗಾಲದ ಮಗುವಿಗೂ ಅನ್ನ ಸಾಂಬಾರು. ಇಷ್ಟು ಬಗೆಯ ಊಟವಿರುವ ನಾಡಿನಲ್ಲಿ ಶಾಲೆಯ ತಟ್ಟೆಗೆ ಪ್ರಾದೇಶಿಕ ಊಟ ಬರಬೇಕು, ಅದೂ ವರ್ಷಕ್ಕೊಮ್ಮೆ ಹಬ್ಬದಂತಲ್ಲ, ವಾರದ ಪಟ್ಟಿಯೊಳಗೇ ಬರಬೇಕು ಎಂಬುದು ನನ್ನ ವಾದ.

ಈ ತಟ್ಟೆ ಹೀಗಾದದ್ದಕ್ಕೆ ಕಾರಣವಿದೆ. 1995ರ ಆಗಸ್ಟ್ 15ರಂದು ಕೇಂದ್ರದ ಶಾಲಾ ಊಟದ ಯೋಜನೆ ಶುರುವಾದಾಗ ಬಹಳಷ್ಟು ರಾಜ್ಯಗಳಲ್ಲಿ ಮಕ್ಕಳಿಗೆ ಬೇಯಿಸಿದ ಊಟವೇ ಸಿಗುತ್ತಿರಲಿಲ್ಲ, ತಿಂಗಳಿಗಿಷ್ಟು ಎಂದು ಧಾನ್ಯ ಅಳೆದು ಕೊಡುತ್ತಿದ್ದರು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು, ಬೇಯಿಸಿದ ಊಟವನ್ನೇ ಕೊಡಬೇಕು, ಅದರಲ್ಲಿ ಕನಿಷ್ಠ 300 ಕ್ಯಾಲೊರಿ ಮತ್ತು 8ರಿಂದ 12 ಗ್ರಾಂ ಪ್ರೋಟೀನ್ ಇರಬೇಕು ಎಂದು ಆದೇಶಿಸಿತು. ಅದರ ಬೆನ್ನಿಗೇ 2002ರಲ್ಲಿ ಕರ್ನಾಟಕದಲ್ಲಿ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ ಆರಂಭವಾಯಿತು. ಮೊದಲು ಉತ್ತರದ ಏಳು ಜಿಲ್ಲೆಗಳಲ್ಲಿ, ಮರುವರ್ಷದಿಂದ ಉಳಿದೆಡೆ. ಆಗ ಎದುರಿಗಿದ್ದದ್ದು ಹಸಿವು. ಭಾರತ ಆಹಾರ ನಿಗಮದ ಗೋದಾಮಿನಲ್ಲಿ ತುಂಬಿದ್ದದ್ದು ಅಕ್ಕಿ ಮತ್ತು ಗೋಧಿ. ಎರಡೂ ಕೂಡಿ ಅನ್ನ ಸಾಂಬಾರು ಆಯಿತು, ಶನಿವಾರಕ್ಕೆ ಉಪ್ಪಿಟ್ಟು ಆಯಿತು. ಹಸಿದ ಮಗು ಶಾಲೆಗೆ ಬರುವಂತೆ ಮಾಡಿದ ಆ ಊಟವನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಎಷ್ಟೋ ಮನೆಗಳಲ್ಲಿ ಇಂದಿಗೂ ದಿನದ ಮೊದಲ ಗಟ್ಟಿ ಊಟ ಅದೇ.

ಆದರೆ ಹೊಟ್ಟೆ ತುಂಬುವುದು ಬೇರೆ, ಮೈ ಬೆಳೆಯುವುದು ಬೇರೆ. 2016-18ರ ಸಮಗ್ರ ರಾಷ್ಟ್ರೀಯ ಪೋಷಣೆ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10ರಿಂದ 19 ವಯಸ್ಸಿನ ಮಕ್ಕಳಲ್ಲಿ ಶೇ 24ರಷ್ಟು ಮಂದಿ ವಯಸ್ಸಿಗೆ ತಕ್ಕ ಮೈಯಿಲ್ಲದೆ ಸೊರಗಿದವರು, ಶೇ 28ರಷ್ಟು ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಶೇ 5ರಷ್ಟು ಮಕ್ಕಳು ಅತಿತೂಕದವರು. ಶಾಲೆಗೆ ಬರುವ ಮೊದಲೇ ಕೊರತೆ ಶುರುವಾಗಿರುತ್ತದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿಯ ಎತ್ತರ ಕುಂಠಿತವಾಗಿದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ ಬಗ್ಗೆ ಹೇಳಿತು. ಅಕ್ಕಿ ಈ ಕೊರತೆ ತುಂಬುವ ಧಾನ್ಯವಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದ್ದರೆ, ಪಾಲಿಷ್ ಮಾಡಿದ ಅಷ್ಟೇ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಸಿಗುವುದೂ ಕಷ್ಟ.

ಮೇಲಿನಿಂದ ಮೇಲೆ ಸೇರಿಸುತ್ತ ಬಂದದ್ದು ಈ ಕೊರತೆ ತುಂಬಲಿಕ್ಕೇ. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಬಂತು. ಕೆನೆಭರಿತ ಹಾಲಿನ ಪುಡಿ ಕದಡಿ ಮಗುವಿಗೆ 150 ಮಿಲಿಲೀಟರ್ ಹಾಲು. 2024ರ ಫೆಬ್ರುವರಿಯಿಂದ ಶ್ರೀ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟಿನ ಸಹಭಾಗಿತ್ವದಲ್ಲಿ ವಾರಕ್ಕೆ ಮೂರು ದಿನ ಆ ಹಾಲಿಗೆ ರಾಗಿ ಮಾಲ್ಟ್ ಪುಡಿ ಬೆರೆಯಿತು. ಚಿಕ್ಕಿಯೂ ಕೆಲ ಕಾಲ ಇತ್ತು. ಗುಣಮಟ್ಟದ ದೂರು ಬಂದು 2025ರಲ್ಲಿ ಅದನ್ನು ನಿಲ್ಲಿಸಿದರು.

ಇವೆಲ್ಲದರಲ್ಲಿ ಅತಿ ದೊಡ್ಡ ಹೆಜ್ಜೆ ಮೊಟ್ಟೆ. 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳಲ್ಲಿ ಪ್ರಯೋಗವಾಗಿ ಶುರುವಾದಾಗ ದೊಡ್ಡ ಗದ್ದಲವೇ ನಡೆಯಿತು. ಮೊಟ್ಟೆ ತಿಂದ ಮಕ್ಕಳ ತೂಕ ಏರಿದ್ದನ್ನು ಅಳೆದು ನೋಡಿದ ಮೇಲೆ ಅದು ರಾಜ್ಯಕ್ಕೆಲ್ಲ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ 1,591 ಕೋಟಿ ರೂಪಾಯಿ ಕೊಡಲು ಒಪ್ಪಿದ್ದರಿಂದ ವಾರಕ್ಕೆ ಆರು ದಿನವೂ ಮೊಟ್ಟೆ ಸಿಗುವಂತಾಯಿತು. ಒಂದು ಮೊಟ್ಟೆಯಲ್ಲಿ ಆರು ಗ್ರಾಂಗೂ ಹೆಚ್ಚು ಪ್ರೋಟೀನ್ ಇರುತ್ತದೆ. ಒಂದರಿಂದ ಐದನೇ ತರಗತಿಯ ಮಗುವಿನ ಬಿಸಿಯೂಟದಲ್ಲಿ ಇರಬೇಕಾದ ಪ್ರೋಟೀನ್ ಒಟ್ಟು 12 ಗ್ರಾಂ, ಅಂದರೆ ಅದರ ಅರ್ಧ ಒಂದೇ ತುತ್ತಿಗೆ ಬಂತು. ಬೇಡವೆಂದವರಿಗೆ ಬಾಳೆಹಣ್ಣು ಇದೆ. ಹಾಗಿದ್ದೂ 2025ರಲ್ಲಿ ಮಂಡ್ಯ ಜಿಲ್ಲೆಯ ಒಂದು ಊರಿನಲ್ಲಿ ಶಾಲೆಯಲ್ಲಿ ಮೊಟ್ಟೆ ಬೇಯಿಸಬಾರದೆಂದು ಹಠ ಹಿಡಿದು ಪೋಷಕರು ಟಿಸಿ ಪಡೆದು ಮಕ್ಕಳನ್ನು ಬೇರೆ ಶಾಲೆಗೆ ಕಳಿಸಿದರು. ತಿನ್ನದಿರುವ ಮಗುವಿನ ಹಕ್ಕು ದೊಡ್ಡದು, ಅದನ್ನು ಯಾರೂ ಮುಟ್ಟಬಾರದು. ಪಕ್ಕದಲ್ಲಿ ಕುಳಿತ ಮಗುವಿನ ತಟ್ಟೆಯಿಂದ ಮೊಟ್ಟೆ ಎತ್ತಿಸುವ ಹಕ್ಕು ಮಾತ್ರ ಯಾರಿಗೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಮೊಟ್ಟೆಯೂ ಮಾಲ್ಟೂ ತಟ್ಟೆಯ ಪಕ್ಕದಲ್ಲೇ ಉಳಿದಿವೆ. ರಾಗಿ ಬೆಳೆಯುವ ಊರಿನ ಮಗುವಿಗೂ ರಾಗಿ ಪ್ಯಾಕೆಟ್ಟಿನ ಪುಡಿಯಾಗಿ ಬರುತ್ತಿದೆ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವ ರಾಜ್ಯ ನಮ್ಮದು. ತುಮಕೂರು, ಹಾಸನದ ಕಡೆಯ ಹುಡುಗಿಗೆ ತನ್ನಪ್ಪ ಹೊಲದಲ್ಲಿ ಬೆಳೆದದ್ದಕ್ಕೂ ಶಾಲೆಯಲ್ಲಿ ಲೋಟಕ್ಕೆ ಬಂದ ಕಂದು ಪುಡಿಗೂ ಸಂಬಂಧವಿದೆ ಎಂದು ಗೊತ್ತಾಗುವುದಾದರೂ ಹೇಗೆ?

ಹಾಗಾದರೆ ಮುದ್ದೆ ಮಾಡಿ ಹಾಕಿ, ರೊಟ್ಟಿ ಬಡಿದು ಹಾಕಿ ಎಂದು ಹೇಳಿಬಿಡುವುದು ಸುಲಭ. ಮುನ್ನೂರು ಮಕ್ಕಳಿಗೆ ಮುದ್ದೆ ತಿರುವುವವರ ತೋಳು ಏನಾಗಬೇಕು? ನಾಲ್ಕು ಜನ ಹೆಂಗಸರು ಎರಡೂವರೆ ಗಂಟೆಯಲ್ಲಿ ಎಷ್ಟು ರೊಟ್ಟಿ ಬಡಿದಾರು? ಪ್ರಾದೇಶಿಕ ಊಟದ ಮಾತು ಇಲ್ಲಿಯವರೆಗೆ ಮುಂದೆ ಹೋಗದಿರಲು ಇದೂ ಒಂದು ಕಾರಣ. ನಮ್ಮ ನೆನಪಿಗೆ ಮೊದಲು ಬರುವುದು ಒಂದೊಂದಾಗಿ ಕೈಯಲ್ಲಿ ಮಾಡುವ ಅಡುಗೆ. ಆದರೆ ಪ್ರತಿ ಸೀಮೆಯಲ್ಲೂ ಹಂಡೆಯಲ್ಲಿ ಬೇಯುವ ಅಡುಗೆಯೂ ಇದೆ, ಜಾತ್ರೆಗೆ, ದಾಸೋಹಕ್ಕೆ, ಕಳೆ ಕೀಳುವ ಆಳುಗಳಿಗೆ ಮಾಡುವಂಥದು. ಶಾಲೆಗೆ ಬೇಕಾದದ್ದು ಅದು.

ಕಲ್ಯಾಣ ಕರ್ನಾಟಕಕ್ಕೂ ಕಿತ್ತೂರು ಕರ್ನಾಟಕಕ್ಕೂ ಜೋಳದ ನುಚ್ಚು ಇದೆ. ಅದಕ್ಕೆ ಅನ್ನದ ಪಾತ್ರೆಯೇ ಸಾಕು, ಬೇಯುವ ಹೊತ್ತು ಸ್ವಲ್ಪ ಜಾಸ್ತಿ ಅಷ್ಟೇ. ರಾತ್ರಿ ನೆನೆಹಾಕಿದರೆ ಅದೂ ಉಳಿಯುತ್ತದೆ. ಜತೆಗೆ ಪುಂಡಿಪಲ್ಯಕ್ಕೆ ಒಂದಿಷ್ಟು ತೊಗರಿಬೇಳೆ ಹಾಕಿ ಬೇಯಿಸಿದರೆ ಸೊಪ್ಪು, ಬೇಳೆ ಎರಡೂ ಹೊಟ್ಟೆಗೆ ಹೋಗುತ್ತವೆ. ಭೌಗೋಳಿಕ ಮಾನ್ಯತೆ ಪಡೆದ ತೊಗರಿ ಬೆಳೆಯುವ ಕಲಬುರಗಿಯ ಮಗುವಿನ ಸಾಂಬಾರು ನೀರು ನೀರಾಗಿರುವುದನ್ನು ಕಂಡಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹಳೇ ಮೈಸೂರು ಸೀಮೆಗೆ ಬಸ್ಸಾರು ಇದೆ. ಹುರುಳಿಕಾಳೋ ಅಲಸಂದೆಯೋ ನುಗ್ಗೆಸೊಪ್ಪಿನೊಂದಿಗೆ ಬೆಂದು, ಬಸಿದ ಕಟ್ಟು ಸಾರಾಗುತ್ತದೆ, ಕಾಳುಸೊಪ್ಪು ಪಲ್ಯವಾಗುತ್ತದೆ. ಒಂದೇ ಒಲೆಯಲ್ಲಿ ಎರಡು ಪದಾರ್ಥ. ಮುದ್ದೆ ಆಗದಿದ್ದರೆ ಬೇಡ, ರಾಗಿ ಇಡ್ಲಿ ಆಗುತ್ತದೆ, ಬೇಸಿಗೆಗೆ ರಾಗಿ ಅಂಬಲಿ ಮಜ್ಜಿಗೆ ಆಗುತ್ತದೆ. ಕರಾವಳಿಗೆ ಕುಚ್ಚಲಕ್ಕಿ ಇದೆ. ಅಲ್ಲಿನ ಮನೆಗಳಲ್ಲಿ ಉಣ್ಣುವುದೇ ಅದನ್ನು, ಪಡಿತರದಲ್ಲಿ ಕುಚ್ಚಲಕ್ಕಿಯನ್ನೇ ಕೊಡಿ ಎಂದು ಆ ಜಿಲ್ಲೆಗಳು ಎಷ್ಟೋ ವರ್ಷದಿಂದ ಕೇಳುತ್ತಿವೆ. ಗಂಜಿ, ಹುರುಳಿ ಸಾರು, ಬಸಳೆ ಹುಳಿಗೆ ಹೊರಗಿನಿಂದ ತರಬೇಕಾದದ್ದು ಏನೂ ಇಲ್ಲ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಕೆಸುವು, ಬೇಸಿಗೆಗೆ ಹಲಸು.

ರುಚಿಯ ವಿಷಯದಲ್ಲಿ ಊಹೆಯನ್ನೇ ನೆಚ್ಚಬೇಕಿಲ್ಲ. ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್, ಶಾಲೆಗಳಿಗೆ ಬಿಸಿಯೂಟ ಒದಗಿಸುವ ಅಕ್ಷಯಪಾತ್ರ ಪ್ರತಿಷ್ಠಾನದ ಜತೆ ಸೇರಿ ಬೆಂಗಳೂರಿನ ಹೊರವಲಯದ ಸುಮಾರು 1,500 ಮಕ್ಕಳ ಮೇಲೆ ಮೂರು ತಿಂಗಳು ಮಾಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅಕ್ಕಿಯ ಬದಲು ಸಿರಿಧಾನ್ಯದ ಊಟ ಉಂಡ ಮಕ್ಕಳ ಬೆಳವಣಿಗೆ ಎಂದಿನ ಊಟ ಉಂಡವರಿಗಿಂತ ಚೆನ್ನಾಗಿತ್ತು. ನನಗೆ ಅದರಲ್ಲಿ ಹೆಚ್ಚು ಹಿಡಿಸಿದ್ದು ರುಚಿಯ ಅಂಕ. ರಾಗಿ ಇಡ್ಲಿಯನ್ನೂ, ಸಾಮೆ ಸಜ್ಜೆ ಹಾಕಿದ ಬಿಸಿಬೇಳೆಬಾತನ್ನೂ ಮಕ್ಕಳು ಬಹಳ ಮೆಚ್ಚಿದರು, ಉಪ್ಪಿಟ್ಟನ್ನು ಅಷ್ಟಾಗಿ ಮೆಚ್ಚಲಿಲ್ಲ. ಅಂದರೆ ಧಾನ್ಯ ಹೊಸದಾದರೂ ಪರವಾಗಿಲ್ಲ, ಅಡುಗೆ ಪರಿಚಯದ್ದಾಗಿ, ಹದವಾಗಿ ಇರಬೇಕು. ಸಿರಿಧಾನ್ಯ ಎಂಬ ಹೆಸರೊಂದನ್ನೇ ಇಟ್ಟುಕೊಂಡು ಒಣಒಣ ಉಪ್ಪಿಟ್ಟು ಮಾಡಿ ಬಡಿಸಿದರೆ ಮಗು ಅದನ್ನೂ ತಟ್ಟೆಯಂಚಿಗೆ ಸರಿಸುತ್ತದೆ.

ಧಾನ್ಯ ಎಲ್ಲಿಂದ ಬರಬೇಕು? ಉತ್ತರ ನಮ್ಮ ನ್ಯಾಯಬೆಲೆ ಅಂಗಡಿಯಲ್ಲೇ ಇದೆ. ಪಡಿತರದಲ್ಲಿ ದಕ್ಷಿಣದ ಜಿಲ್ಲೆಗಳಿಗೆ ರಾಗಿ, ಉತ್ತರದ ಜಿಲ್ಲೆಗಳಿಗೆ ಜೋಳ ಕೊಡುವ ಪದ್ಧತಿ ರಾಜ್ಯದಲ್ಲಿ ಇದೆ. ಬೆಂಬಲ ಬೆಲೆಗೆ ರೈತರಿಂದ ಕೊಂಡು, ಅದೇ ಸೀಮೆಯವರಿಗೆ ಹಂಚುತ್ತಾರೆ. ಯಾವ ಸೀಮೆಯವರು ಏನು ಉಣ್ಣುತ್ತಾರೆ ಎಂದು ಸರ್ಕಾರಕ್ಕೆ ಗೊತ್ತಿದೆ. ಅಪ್ಪ ಅಮ್ಮನ ಚೀಟಿಗೆ ಜೋಳ ಅಳೆಯುವ ವ್ಯವಸ್ಥೆ ಮಗುವಿನ ಶಾಲೆಗೆ ಬಂದಾಗ ಅಕ್ಕಿಯನ್ನಷ್ಟೇ ಇಳಿಸಿ ಹೋಗುತ್ತದೆ. ಒಡಿಶಾ ತನ್ನ ಸಿರಿಧಾನ್ಯ ಮಿಷನ್ನಿನ ಮೂಲಕ ಕೇಂದುಝರ್ ಜಿಲ್ಲೆಯ ಅಂಗನವಾಡಿ ಮಕ್ಕಳಿಗೆ ರಾಗಿ ಲಾಡು ಕೊಡಲು ಶುರುಮಾಡಿತು, ಉಂಡೆ ಕಟ್ಟಿದವರು ಅಲ್ಲಿನ ಸ್ವಸಹಾಯ ಗುಂಪಿನ ಹೆಂಗಸರು. ದೂರದ ಬ್ರೆಜಿಲ್ 2009ರಲ್ಲಿ ಕಾನೂನನ್ನೇ ಮಾಡಿತು: ಶಾಲಾ ಊಟಕ್ಕೆಂದು ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇ 30ರಷ್ಟನ್ನು ಸಣ್ಣ ರೈತ ಕುಟುಂಬಗಳಿಂದ ನೇರವಾಗಿ ಕೊಳ್ಳಲು ಖರ್ಚು ಮಾಡಬೇಕು. ಅಲ್ಲಿ ಶಾಲೆಯೇ ಸುತ್ತಲಿನ ರೈತರ ಕಾಯಂ ಗಿರಾಕಿಯಾಯಿತು.

ನಮ್ಮಲ್ಲಿ ದುಡ್ಡಿನ ಲೆಕ್ಕ ಬಹಳ ಬಿಗಿ. 2025ರ ಮೇ ತಿಂಗಳಿನಿಂದ ಪ್ರಾಥಮಿಕ ತರಗತಿಯ ಒಂದು ಮಗುವಿನ ಒಂದು ದಿನದ ಸಾಮಗ್ರಿ ವೆಚ್ಚ 6 ರೂಪಾಯಿ 78 ಪೈಸೆ, ಹಿರಿಯ ಪ್ರಾಥಮಿಕಕ್ಕೆ 10 ರೂಪಾಯಿ 17 ಪೈಸೆ. ಕೇಂದ್ರ ಶೇ 60, ರಾಜ್ಯ ಶೇ 40. ಅಕ್ಕಿ ಬೇರೆಯಾಗಿ ಬರುತ್ತದೆ. ಈ ಆರೂ ಮುಕ್ಕಾಲು ರೂಪಾಯಿಯಲ್ಲಿ 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ, ಸಾಂಬಾರು ಪುಡಿ, ಉಪ್ಪು, ಗ್ಯಾಸು ಎಲ್ಲ ಬರಬೇಕು. ಒಂದು ಮೊಟ್ಟೆಗೆ ಸರ್ಕಾರ ಇಟ್ಟ ಲೆಕ್ಕ 6 ರೂಪಾಯಿ. ಒಂದು ಮೊಟ್ಟೆಯ ಬೆಲೆಗೆ ಒಂದಿಡೀ ಸಾಂಬಾರು ಆಗಬೇಕು! ನೂರು ಮಕ್ಕಳ ಶಾಲೆಯಾದರೆ 678 ರೂಪಾಯಿ. ಟೊಮೆಟೊ ಬೆಲೆ ಏರಿದ ವಾರ ಮುಖ್ಯ ಶಿಕ್ಷಕರ ಮುಖ ನೋಡಬೇಕು. ಐದು ಕೆಜಿ ತರಕಾರಿ ಬೇಕಾದಲ್ಲಿ ಮೂರು ಕೆಜಿ ಸೋರೆಕಾಯಿಗೆ ಇಳಿಯುವುದು ಯಾರ ದುರುದ್ದೇಶದಿಂದಲೂ ಅಲ್ಲ. ಇಂಥ ಕಡೆ ಸ್ಥಳೀಯ ಸೊಪ್ಪು, ಕಾಳು ರುಚಿಯ ಪ್ರಶ್ನೆಯಷ್ಟೇ ಅಲ್ಲ, ಖರ್ಚಿನ ಪ್ರಶ್ನೆಯೂ ಹೌದು. ಶಾಲೆಯ ಕಾಂಪೌಂಡಿನ ಮಗ್ಗುಲಿಗೆ ಎರಡು ನುಗ್ಗೆಗಿಡ, ಒಂದು ಕರಿಬೇವು, ಕೈತೊಳೆದ ನೀರು ಹರಿಯುವಲ್ಲಿ ಬಸಳೆಯದೋ ದಂಟಿನದೋ ಒಂದು ಪಾತಿ ಇದ್ದರೆ ವಾರಕ್ಕೆರಡು ದಿನದ ಸೊಪ್ಪು ಅಲ್ಲೇ ಸಿಗುತ್ತದೆ. ತಾನೇ ನೀರು ಹಾಕಿದ ಗಿಡದ ಸೊಪ್ಪನ್ನು ಮಗು ಅಷ್ಟು ಸುಲಭಕ್ಕೆ ಆರಿಸಿ ಎಸೆಯುವುದಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಶಾಲೆಯ ಗೇಟಿನಾಚೆಗೆ ಇನ್ನೊಂದು ಊಟ ಕಾದಿರುತ್ತದೆ. ಐದು ರೂಪಾಯಿಯ ಪ್ಯಾಕೆಟ್ಟು, ಖಾರ ಹಚ್ಚಿದ ಕುರುಕಲು, ಬಣ್ಣದ ಪೆಪ್ಸಿ ಐಸು. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಸಿಬಿಎಸ್‌ಇ 2025ರಲ್ಲಿ ತನ್ನ ಶಾಲೆಗಳಿಗೆ ಸಕ್ಕರೆ ಫಲಕ ಹಾಕಲು ಹೇಳಿತು, ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಇದೆ ಎಂದು ಮಕ್ಕಳ ಕಣ್ಣಿಗೆ ಬೀಳುವಂತೆ. ಎರಡೂ ಒಳ್ಳೆಯವೇ. ಆದರೆ ಹಳ್ಳಿಯ ಶಾಲೆಯೆದುರಿನ ಗೂಡಂಗಡಿ ಯಾರದೋ ಬದುಕಿನ ಆಧಾರ, ನಿಯಮ ಹಿಡಿದು ಹೋಗಿ ಅದನ್ನು ಎತ್ತಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಅರ್ಧ ಊಟ ಬಿಟ್ಟ ಮಗು ಮೂರು ಗಂಟೆಗೆ ಆ ಪ್ಯಾಕೆಟ್ಟಿಗೆ ಕೈ ಚಾಚುತ್ತದೆ. ಗೂಡಂಗಡಿಯ ಎದುರು ಗೆಲ್ಲಬೇಕಾದದ್ದು ಮಧ್ಯಾಹ್ನದ ತಟ್ಟೆಯೇ. ಅದೇ ಗೂಡಂಗಡಿಯವರು ಹುರಿಗಡಲೆ, ಬೇಯಿಸಿದ ಶೇಂಗಾ, ಪೇರಲ, ಸೌತೆಕಾಯಿ ಮಾರುವಂತೆ ಪೋಷಕರಿರುವ ಶಾಲಾ ಸಮಿತಿಯಾದ ಎಸ್‌ಡಿಎಂಸಿ ಕುಳಿತು ಮಾತಾಡಿದರೆ ಆಗುವ ಕೆಲಸವಿದು. ಪೊಲೀಸರು ಬೇಕಿಲ್ಲ.

ಇನ್ನು ಕೊನೆಯ ತೊಡಕು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಇದನ್ನೆಲ್ಲ ಮಾಡಬೇಕಾದವರು ಯಾರು? ಬಿಸಿಯೂಟದ ಅಡುಗೆಯವರಿಗೆ ಕೇಂದ್ರದ ಲೆಕ್ಕದ ಗೌರವಧನ 2009ರಲ್ಲಿ ತಿಂಗಳಿಗೆ 1,000 ರೂಪಾಯಿ ಇದ್ದದ್ದು ಹಾಗೇ ಇದೆ. ರಾಜ್ಯ ತನ್ನ ಪಾಲು ಸೇರಿಸಿದರೂ, 2025ರ ಬಜೆಟ್ಟಿನಲ್ಲಿ ಸಾವಿರ ಏರಿಸಿದ ಮೇಲೂ, ಅದು ಐದು ಸಾವಿರ ಮುಟ್ಟಿಲ್ಲ. ಅಡುಗೆಯವರಲ್ಲಿ ವಿಧವೆಯರು, ಗಂಡ ಬಿಟ್ಟವರು, ದಲಿತ ಹೆಂಗಸರು ಬಹಳ. ದಲಿತ ಮಹಿಳೆ ಅಡುಗೆ ಮಾಡುತ್ತಾರೆ ಎಂಬ ಕಾರಣಕ್ಕೆ ಪೋಷಕರು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿದ್ದು ಇದೇ 2025ರಲ್ಲಿ ಚಾಮರಾಜನಗರ ಜಿಲ್ಲೆಯಿಂದ ವರದಿಯಾಯಿತು. ಇಂಥ ಅವಮಾನ ನುಂಗಿಕೊಂಡು, ಇಷ್ಟು ಕಡಿಮೆ ದುಡ್ಡಿಗೆ ದುಡಿಯುವವರಿಗೆ ನಾವು ಮೇಲಿನಿಂದ ಒಂದು ಪಟ್ಟಿ ಕಳಿಸುತ್ತೇವೆ, ಯಾವ ದಿನ ಏನು, ಎಷ್ಟು ಗ್ರಾಂ ಎಂದು. ಆ ಊರಿನ ಮಕ್ಕಳು ಏನು ತಿನ್ನುತ್ತಾರೆ, ಏನು ಬಿಡುತ್ತಾರೆ, ಯಾವ ಸೊಪ್ಪು ಯಾವ ತಿಂಗಳು ಎಳೆಯದಾಗಿರುತ್ತದೆ ಎಂದು ರಾಜ್ಯದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವರು. ಪಟ್ಟಿ ಬರೆಯುವಾಗ ಅವರನ್ನು ಯಾರೂ ಕೇಳಿಲ್ಲ. ಗ್ರಾಂ, ಕ್ಯಾಲೊರಿ, ಪ್ರೋಟೀನಿನ ಕನಿಷ್ಠ ಮಟ್ಟವನ್ನು ಇಲಾಖೆ ಬಿಗಿಯಾಗಿ ಇಡಲಿ. ಅದರೊಳಗೆ ವಾರಕ್ಕೆ ಎರಡು ದಿನದ ಅಡುಗೆ ಯಾವುದೆಂದು ತಾಲ್ಲೂಕಿನ ಅಡುಗೆಯವರು, ಎಸ್‌ಡಿಎಂಸಿ, ಆರೋಗ್ಯ ಇಲಾಖೆಯವರು ಕೂಡಿ ನಿರ್ಧರಿಸಲಿ. ಎರಡು ದಿನ ಅಂದರೆ ಮಗುವಿಗೆ ವರ್ಷಕ್ಕೆ ಅರವತ್ತು ಎಪ್ಪತ್ತು ಊಟ.

ಆವತ್ತು ಊಟವಾದ ಮೇಲೆ ಪಾತ್ರೆ ತಿಕ್ಕುತ್ತಿದ್ದ ಆ ಅಡುಗೆಯವರನ್ನು ನಾನು ಕೇಳಿದೆ, ವಾರಕ್ಕೆರಡು ಸಲ ನುಚ್ಚು ಮಾಡಿ ಅಂದರೆ ಆಗುತ್ತಾ ಎಂದು. ಆಕೆ ಕೈ ನಿಲ್ಲಿಸದೆ ಹೇಳಿದರು:

"ಯಾಕ ಆಗೂದಿಲ್ರಿ? ಅಕ್ಕಿ ತೊಳಿಯೂದು ಅಷ್ಟ, ನುಚ್ಚ ತೊಳಿಯೂದು ಅಷ್ಟ. ಆದ್ರ ಜ್ವಾಳ ತಂದ ವರ್ಷಗಟ್ಲೆ ಇಲ್ಲಿ ಒಟ್ಟಿದ್ರ ಹುಳ ಹಿಡಿತೈತಿ. ನುಚ್ಚ ಒಡಿಸಿ ಬಾಳ ದಿನ ಇಟ್ರ ಮುಗ್ಗ ವಾಸನಿ ಬರ್ತೈತಿ. ವಾರದ ವಾರ ಊರ ಗಿರಣ್ಯಾಗ ಒಡಿಸಿ ಕೊಡ್ರಿ. ಮತ್ತ ಆ ಎರಡ ದಿನಕ್ಕ ಉಳ್ಳಾಗಡ್ಡಿ, ಶೇಂಗಾ ಒಂದೀಟು ಜಾಸ್ತಿ ಕೊಡ್ರಿ. ಉಳಿದದ್ದ ನಮಗ ಗೊತ್ತೈತಿ."